ಉರಿಯುವ ಸಾಲಿಗೆ ಕೈ ಹಾಕಿದ್ದು

ನಾಟಕದ ದೀಪಗಳ ಬೋರ್ಡಿನ ಮೇಲೆ, ಮೇಲಕ್ಕೂ ಕೆಳಕ್ಕೂ ಜಾರುವ ಎರಡು ಸಾಲು ಗುಂಡಿಗಳಿದ್ದವು. ಒಂದೊಂದು ಸಾಲಿನಲ್ಲಿ ಹನ್ನೆರಡು. ಒಂದು ಸಾಲು ಹೇಳಿದಂತೆ ರಂಗದ ಮೇಲೆ ದೀಪ ಉರಿಯುತ್ತಿರುವಾಗ ಇನ್ನೊಂದು ಸಾಲನ್ನು ಮುಂದಿನ ದೃಶ್ಯಕ್ಕೆ ಹೊಂದಿಸಿಟ್ಟುಕೊಳ್ಳಬೇಕು. ಸಮಯ ಬಂದಾಗ ಬಲಬದಿಯ ದೊಡ್ಡ ಹಿಡಿಯನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಎಳೆದರೆ ಹಳೆಯ ಬೆಳಕು ಕರಗಿ ಹೊಸದು ಮೂಡುತ್ತದೆ. ಉರಿಯುವ ಸಾಲನ್ನು ಮಾತ್ರ ಮುಟ್ಟಬಾರದು. ಇಷ್ಟೇ ಪಾಠ. ಐದು ನಿಮಿಷದಲ್ಲಿ ಯಾರಿಗೂ ಕಲಿಸಬಹುದು. ಮೂರು ತಿಂಗಳು ಅದನ್ನೇ ಅಭ್ಯಾಸ ಮಾಡಿದ ನಾನು ಹೊಸನಗರದ ಒಂದು ಹಾಲಿನಲ್ಲಿ, ತುಂಬಿದ ಸಭೆಯ ಎದುರು, ಅದನ್ನು ಮರೆತೆ. ಮರೆವನ್ನು ಕ್ಷಮಿಸಬಹುದು. ಆಮೇಲೆ ನಾನು ಮಾಡಿದ್ದನ್ನು ಕ್ಷಮಿಸುವುದು ನನ್ನಿಂದಲೇ ಆಗಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಾನು ತೀರ್ಥಹಳ್ಳಿ ಹತ್ತಿರದ ಮೇಳಿಗೆ ಕಡೆಯವನು. ಸಾಗರದ ಮೈಕ್ ಸೆಟ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಮಳೆಗಾಲ ಮುಗಿದ ಮೇಲೆ ಸಾಗರದ್ದೇ ಒಂದು ನಾಟಕ ತಂಡದ ಜೊತೆ ದೀಪದ ಕೆಲಸಕ್ಕೆ ಹೋಗುತ್ತಿದ್ದೆ. ಅಲ್ಲಿಯವರೆಗೆ ನಮ್ಮದು ಉಪ್ಪುನೀರಿನ ಡಿಮ್ಮರ್. ಪಿಂಗಾಣಿ ಭರಣಿಯಲ್ಲಿ ಉಪ್ಪುನೀರು, ಅದರೊಳಗೆ ತಗಡು ಇಳಿಸಿದರೆ ದೀಪ ಏರುತ್ತದೆ, ಎತ್ತಿದರೆ ಇಳಿಯುತ್ತದೆ. ಎರಡನೇ ಅಂಕಕ್ಕೆ ನೀರು ಕುದಿಯಲು ಶುರುವಾಗುತ್ತಿತ್ತು. ಮುಟ್ಟಿದರೆ ಶಾಕ್, ಮುಟ್ಟದಿದ್ದರೆ ನಿರ್ದೇಶಕರ ಬೈಗುಳ.

ಅದನ್ನು ನೋಡಲಾರದೆ ಬೋರ್ಡ್ ಮಾಡಿಕೊಟ್ಟವರು ರೇಡಿಯೋ ಆಚಾರ್ರು. ಬಂಗಾರದ ಕೆಲಸದ ಮನೆತನದವರು, ರೇಡಿಯೋ ರಿಪೇರಿ ಕಲಿತು ಪೇಟೆಯಲ್ಲಿ ಅಂಗಡಿ ಇಟ್ಟಿದ್ದರು. ಐವತ್ತು ದಾಟಿದ ವಯಸ್ಸು, ದಪ್ಪ ಕನ್ನಡಕ. ಬೆಸುಗೆ ಹಾಕಿದರೆ ಸರದ ಕೊಂಡಿಯ ಹಾಗೆ ಗುರುತೇ ಸಿಗುತ್ತಿರಲಿಲ್ಲ. ಯಾವುದೋ ಇಂಗ್ಲಿಷ್ ಪತ್ರಿಕೆಯಲ್ಲಿ ನಕ್ಷೆ ನೋಡಿ, ಥೈರಿಸ್ಟರ್ ಎಂಬ ಸಣ್ಣ ಬಿಲ್ಲೆಗಳನ್ನು ಬೆಂಗಳೂರಿನಿಂದ ತರಿಸಿ, ಅವುಗಳ ಬಿಸಿ ಹೀರಲು ಹಳೆಯ ಅಲ್ಯುಮಿನಿಯಂ ಪಾತ್ರೆಗಳ ತಳ ಕತ್ತರಿಸಿ ಹಾಕಿ, ಒಂದು ವರ್ಷ ಕೂತು ಮಾಡಿದ್ದರು. ಎರಡು ಭಾಗ. ಕರೆಂಟು ಹಾಯುವ ಡಿಮ್ಮರ್ ಪೆಟ್ಟಿಗೆ ರಂಗದ ಪಕ್ಕ, ಅಲ್ಲಿ ಅವರು. ಗುಂಡಿಗಳ ಬೋರ್ಡ್ ಸಭೆಯ ಹಿಂದೆ ಎರಡು ಬೆಂಚಿನ ಮೇಲೆ, ಅಲ್ಲಿ ನಾನು. ನಡುವೆ ಬೆರಳು ದಪ್ಪದ ಕೇಬಲ್. ಹಲಸಿನ ಹಲಗೆಯ ಬೋರ್ಡಿನ ಮೇಲೆ ಸೊನ್ನೆಯಿಂದ ಹತ್ತರವರೆಗಿನ ಅಂಕಿಗಳನ್ನು ಹಿತ್ತಾಳೆ ಪಟ್ಟಿಯಲ್ಲಿ ಕೆತ್ತಿ ಕೂರಿಸಿದ್ದರು. ಶಿವಮೊಗ್ಗದ ಒಂದು ತಂಡದವರು ಇಂಥದೇ ಒಂದು ನಮಗೂ ಬೇಕು ಎಂದು ಕೇಳಿ ಕಳಿಸಿದ್ದರು. ಅದು ಆದರೆ ರೇಡಿಯೋ ಬಿಟ್ಟು ಇದನ್ನೇ ಮಾಡುತ್ತೇನೆ ಎಂದು ಆಚಾರ್ರು ದಿನಕ್ಕೆರಡು ಸಲ ಹೇಳುತ್ತಿದ್ದರು.

ತಾಲೀಮಿನ ದಿನಗಳಲ್ಲಿ ಅವರು ಒಂದು ಮಾತು ಹೇಳಿದರು.

"ಎರಡು ಸಾಲಿನ ಪಕ್ಕಕ್ಕೂ ಒಂದೊಂದು ಕೆಂಪು ಬಲ್ಬ್ ಹಾಕಿಕೊಡ್ತೀನಿ. ಯಾವ ಸಾಲು ಉರೀತಿದೆಯೋ ಅಲ್ಲಿ ಕೆಂಪು. ಕತ್ತಲಲ್ಲಿ ಗೊತ್ತಾಗ್ಬೇಕಲ್ಲ."

"ಬೇಡ ಆಚಾರ್ರೆ. ಕಣ್ಣಿಗೆ ಹೊಡೀತದೆ. ನನಗೇನು ಸಾಲು ಗೊತ್ತಾಗಲ್ವಾ?"

"ಗೊತ್ತಾಗ್ತದೆ ಮಾರಾಯ. ಆದ್ರೂ."

"ಬೇಡ ಅಂದ್ನಲ್ಲ."

ಕಣ್ಣಿಗೆ ಹೊಡೆಯುತ್ತದೆ ಎಂಬುದು ನೆಪ. ಬಲ್ಬ್ ನೋಡಿ ಕೆಲಸ ಮಾಡುವವನು ಎಂದು ಯಾರಾದರೂ ಅಂದುಕೊಂಡಾರು ಎಂಬ ಬಿಂಕ ನನಗೆ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ, ನನ್ನದೂ ಹಾಗೇ ಇತ್ತು. ಬೋರ್ಡಿನಲ್ಲಿ ಬಲ್ಬಿಗೆಂದು ಕೊರೆದಿಟ್ಟ ಎರಡು ತೂತುಗಳಿಗೆ ಅವರು ಮೇಣ ತುಂಬಿ ಮುಚ್ಚಿದರು.

ನಾಟಕದಲ್ಲಿ ಒಬ್ಬ ಹೆಂಗಸಿನ ಗಂಡ ಹೊಳೆಯಲ್ಲಿ ಕಾಣೆಯಾಗುತ್ತಾನೆ. ಹೆಣ ಸಿಗುವುದಿಲ್ಲ. ಅವಳು ಬಣ್ಣದ ಸೀರೆ ಬಿಡಬೇಕೋ ಬೇಡವೋ ಎಂದು ಊರ ಹಿರಿಯರು ಪಂಚಾಯ್ತಿ ಕೂರುತ್ತಾರೆ. ನಿರ್ದೇಶಕರು ಇದಕ್ಕೊಂದು ಉಪಾಯ ಮಾಡಿದ್ದರು. ರಂಗದ ನಡುವೆ ಅಡ್ಡಲಾಗಿ ಸೊಳ್ಳೆ ಪರದೆಯ ಬಟ್ಟೆಗೆ ಬೂದಿ ಬಣ್ಣ ಹಾಕಿ ಕಟ್ಟುವುದು. ಮುಂದಿನಿಂದ ಬೆಳಕು ಬಿದ್ದಾಗ ಅದು ಗೋಡೆ. ಹಿಂದೆ ಏನಿದ್ದರೂ ಕಾಣದು. ಮುಂದಿನ ಬೆಳಕು ಇಳಿದು ಹಿಂದಿನ ದೀಪ ಏರಿದರೆ ಬಟ್ಟೆ ಇಲ್ಲವೇ ಇಲ್ಲ ಎಂಬಂತೆ ಆಚೆಯದೆಲ್ಲ ನಿಚ್ಚಳ. ಹಿರಿಯರು ಮುಂದೆ ವಾದಿಸುತ್ತಿರುವಾಗ ನಾಯಕಿ ಆ ಬಟ್ಟೆಯ ಹಿಂದೆಯೇ ನಿಂತು ಕೆಂಪು ಸೀರೆ ಬಿಚ್ಚಿ ಬಿಳಿ ಸೀರೆ ಉಡಬೇಕು. ಒಂದೂವರೆ ನಿಮಿಷ. ಆಮೇಲೆ ನಾನು ಹಿಡಿ ಎಳೆಯಬೇಕು. ಹಿರಿಯರು ತೀರ್ಮಾನ ಹೇಳುವ ಮುಂಚೆಯೇ ಅವಳು ಬಿಳಿಯಲ್ಲಿ ನಿಂತಿರುವುದು ಸಭೆಗೆ ಕಾಣಬೇಕು.

ನಾಯಕಿಯ ಪಾತ್ರ ಮಾಡುತ್ತಿದ್ದವರು ಸಾಗರದ ಒಂದು ಶಾಲೆಯ ಅಧ್ಯಾಪಕಿ. ನಮ್ಮ ಕಡೆ ಮಕ್ಕಳು ಕರೆಯುವಂತೆ ನಾವೂ ಅಕ್ಕೋರು ಎಂದೇ ಕರೆಯುತ್ತಿದ್ದೆವು. ಗಂಡನಿಗೆ ಶಿವಮೊಗ್ಗದಲ್ಲಿ ನೌಕರಿ, ವಾರಕ್ಕೊಮ್ಮೆ ಬರುತ್ತಿದ್ದರು. ಮನೆಯಲ್ಲಿ ಅತ್ತೆಯ ಮಾತೇ ಮಾತು. ಆ ಅತ್ತೆಯನ್ನು ಒಪ್ಪಿಸಲು ಅಕ್ಕೋರಿಗೆ ಎರಡು ವರ್ಷ ಹಿಡಿದಿತ್ತು. ಅತ್ತೆಯದು ಒಂದೇ ಕರಾರು: ಪ್ರತಿ ಆಟಕ್ಕೂ ತಾನೂ ಬರುತ್ತೇನೆ, ನೋಡಬಾರದ್ದು ಕಂಡರೆ ಅಂದಿಗೆ ಮುಗಿಯಿತು. ಮೊದಲ ತಾಲೀಮಿಗೆ ಬಟ್ಟೆಯ ಹಿಂದೆ ಹೋಗುವ ಮುಂಚೆ ಅಕ್ಕೋರು ಹಾಲಿನ ಕೊನೆಯವರೆಗೆ ನಡೆದು ಬಂದು ನನ್ನ ಬೋರ್ಡ್ ನೋಡಿದ್ದರು.

"ಯಾವುದು ಹಿಂದಿನ ದೀಪ?"

"ಹನ್ನೊಂದು, ಹನ್ನೆರಡು."

"ಅದು ತಪ್ಪಿ ಬರೋದಿಲ್ಲ ತಾನೆ?"

"ನನ್ನ ಕೈ ಮೀರಿ ಬರೋದಿಲ್ಲ ಅಕ್ಕೋರೆ."

ಸಾಗರದ ಮೊದಲ ಆಟ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆಯಿತು. ಬೆಳಕು ಬದಲಾಗುವ ಮೂವತ್ತೊಂದು ಗಳಿಗೆಗಳನ್ನು, ಅಂದರೆ ಕ್ಯೂಗಳನ್ನು, ಒಂದು ಹಾಳೆಯ ಮೇಲೆ ಎರಡು ಕಾಲಂ ಮಾಡಿ ಬರೆದಿದ್ದೆ. ಒಂದು, ಮೂರು, ಐದು, ಹೀಗೆ ಬೆಸ ಸಂಖ್ಯೆಯವೆಲ್ಲ ಮೇಲಿನ ಸಾಲಿಗೆ. ಎರಡು, ನಾಲ್ಕು, ಆರು, ಸಮ ಸಂಖ್ಯೆಯವೆಲ್ಲ ಕೆಳಗಿನ ಸಾಲಿಗೆ. ಒಂದು ಮೇಲೆ, ಒಂದು ಕೆಳಗೆ, ಹಿಡಿ ಆಚೆ, ಹಿಡಿ ಈಚೆ. ಬಿಳಿ ಸೀರೆ ಕಂಡಾಗ ಸಭೆಯಲ್ಲಿ ಉಸಿರು ಎಳೆದುಕೊಂಡ ಸದ್ದು ನನ್ನವರೆಗೂ ಬಂತು. ಆ ರಾತ್ರಿ ಅತ್ತೆ "ಚೊಲೋ ಆತು" ಎಂದರಂತೆ.

ಹೊಸನಗರದ ಆಟ ಒಂದು ವಾರದ ನಂತರ. ಬಟ್ಟೆಮಲ್ಲಪ್ಪದ ದಾರಿಯಾಗಿ ಟೆಂಪೋದಲ್ಲಿ ಸಾಮಾನು ಹೋಯಿತು, ನಾವು ಬಸ್ಸಿನಲ್ಲಿ. ಮಧ್ಯಾಹ್ನ ಶಿವಮೊಗ್ಗದ ತಂಡದ ಇಬ್ಬರು ಬೋರ್ಡ್ ನೋಡಲೆಂದೇ ಬಂದರು. ಆಚಾರ್ರು ಪೆಟ್ಟಿಗೆ ತೆರೆದು ತೋರಿಸುತ್ತಿದ್ದರೆ ನಾನು ಪಕ್ಕದಲ್ಲಿ ನಿಂತು, ಕಣ್ಣು ಮುಚ್ಚಿಕೊಂಡು ಗುಂಡಿ ಹೊಂದಿಸಬಲ್ಲೆ ಎಂದು ಕೊಚ್ಚಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ನಿರ್ದೇಶಕರು ಬಂದು, ಹಾಡುಗಾರರ ಗಂಟಲು ಕಟ್ಟಿದೆ, ಮೊದಲ ಅಂಕದ ಹಾಡಿನ ದೃಶ್ಯ ಬಿಡೋಣ, ಒಂಬತ್ತನೇ ಕ್ಯೂ ಹೊಡೆದುಹಾಕಿ ಎಂದರು.

ಇಲ್ಲಿ ಒಂದು ಸಣ್ಣ ಲೆಕ್ಕವಿದೆ. ಎಂಟನೇ ಕ್ಯೂ ಕೆಳಗಿನ ಸಾಲಿನದು. ಒಂಬತ್ತು ಹೋದರೆ ಮುಂದಿನದು ಹತ್ತು. ಹಾಳೆಯ ಪ್ರಕಾರ ಅದೂ ಕೆಳಗಿನದೇ. ಕೆಳಗಿನ ಸಾಲು ಉರಿಯುತ್ತಿರುವಾಗ ಅದರಲ್ಲೇ ಇನ್ನೊಂದನ್ನು ಹೊಂದಿಸಲಾಗದು. ಹಾಗಾಗಿ ಹತ್ತು ಮೇಲಿನ ಸಾಲಿಗೆ ಹೋಗಬೇಕು, ಹನ್ನೊಂದು ಕೆಳಕ್ಕೆ, ಕೊನೆಯವರೆಗೆ ಎಲ್ಲವೂ ತಲೆಕೆಳಗು. ಸರಿಯಾದ ಕ್ರಮವೆಂದರೆ ಹತ್ತರಿಂದ ಮುಂದಕ್ಕೆ ಇಪ್ಪತ್ತೆರಡು ಕ್ಯೂಗಳನ್ನೂ ಹೊಸ ಹಾಳೆಯಲ್ಲಿ ಬರೆದುಕೊಳ್ಳುವುದು. ಮುಕ್ಕಾಲು ಗಂಟೆಯ ಕೆಲಸ. ನಾನು ಒಂಬತ್ತರ ಮೇಲೆ ಕೆಂಪು ಗೀಟು ಎಳೆದು ಹಾಳೆ ಮಡಚಿದೆ.

"ಶೀಟ್ ಮತ್ತೆ ಬರೆಯಲ್ವಾ?" ಎಂದರು ಆಚಾರ್ರು.

"ತಲೇಲಿದೆ ಆಚಾರ್ರೆ. ಮೇಲೆ ಅಂದ್ರೆ ಕೆಳಗೆ, ಕೆಳಗೆ ಅಂದ್ರೆ ಮೇಲೆ. ಅಷ್ಟೇ ಅಲ್ವಾ?"

ಶಿವಮೊಗ್ಗದವರಿಬ್ಬರೂ ಮೆಚ್ಚಿ ತಲೆದೂಗಿದರು.

ಸಂಜೆ ಆರೂವರೆಗೆ ಆಟ ಶುರು. ಅತ್ತೆಯ ತವರು ಹೊಸನಗರದ ಕಡೆ. ಸಭೆಯ ಎರಡನೇ ಸಾಲು ಪೂರ್ತಿ ಅವರ ನೆಂಟರೇ. ಹತ್ತು, ಹನ್ನೊಂದು, ಹನ್ನೆರಡು, ಹದಿಮೂರು, ಎಲ್ಲ ಸರಿಯಾಗಿ ತಿರುವಿ ಹಾಕಿದೆ. ಪ್ರತಿ ಸಲವೂ ಹಾಳೆಯಲ್ಲಿ ಒಂದು ಓದಿ ಕೈಯಲ್ಲಿ ಇನ್ನೊಂದು ಮಾಡುವುದು. ಹದಿನಾಲ್ಕನೆಯದು ಪಂಚಾಯ್ತಿಯ ಬೆಳಕು. ಹಾಳೆಯಲ್ಲಿ ಕೆಳಗೆ, ಬೋರ್ಡಿನಲ್ಲಿ ಮೇಲೆ. ಹಿಡಿ ಎಳೆದೆ. ಮುಂದಿನ ನಾಲ್ಕು ದೀಪ ಏರಿದವು, ಸೊಳ್ಳೆ ಪರದೆ ಗೋಡೆಯಾಯಿತು, ಹಿರಿಯರು ಮಾತು ಶುರು ಮಾಡಿದರು. ಬಟ್ಟೆಯ ಹಿಂದೆ ಅಕ್ಕೋರು ಸೀರೆ ಬಿಚ್ಚತೊಡಗಿರಬೇಕು. ಈಗ ಹದಿನೈದನ್ನು ಹೊಂದಿಸಿಡಬೇಕು. ನೀಲಿ ಕಾಗದ ಸುತ್ತಿದ ಟಾರ್ಚಿನಲ್ಲಿ ಹಾಳೆ ನೋಡಿದೆ. ಹದಿನೈದು, ಮೇಲಿನ ಸಾಲು ಎಂದಿತ್ತು. ನನ್ನ ಕೈ ಮೇಲಿನ ಸಾಲಿಗೇ ಹೋಯಿತು.

ಆ ಸಾಲು ಉರಿಯುತ್ತಿತ್ತು.

ಹನ್ನೊಂದು ಮತ್ತು ಹನ್ನೆರಡನ್ನು ನಿಧಾನವಾಗಿ ಹತ್ತಕ್ಕೆ ಏರಿಸಿದೆ. ಇನ್ನೊಂದು ಕೈಯಲ್ಲಿ ಒಂದರಿಂದ ನಾಲ್ಕರವರೆಗೆ ಸೊನ್ನೆಗೆ ಇಳಿಸಿದೆ. ನಿಧಾನ ಮಾಡಬೇಕಾದ ಅಗತ್ಯವೇ ಇರಲಿಲ್ಲ. ಕಾಯುವ ಸಾಲನ್ನು ಹೇಗೆ ಬೇಕಾದರೂ ತಳ್ಳಬಹುದು. ಆದರೂ ನನ್ನ ಕೈಗೆ ಅದೊಂದು ಶೋಕಿ. ಕಣ್ಣು ಹಾಳೆಯ ಮೇಲಿತ್ತು. ಹಿರಿಯರಲ್ಲೊಬ್ಬರ ಮಾತು ನಡುವೆ ನಿಂತಿತು. ಮುಂದಿನ ಸಾಲಿನಲ್ಲಿ ಯಾರೋ "ಅಯ್ಯೋ" ಎಂದರು. ಹಿಂದಿನಿಂದ ಒಂದು ಶಿಳ್ಳೆ ಬಂತು. ಆಗ ತಲೆ ಎತ್ತಿದೆ.

ಅಕ್ಕೋರು ರವಿಕೆ ಮತ್ತು ಒಳಲಂಗದಲ್ಲಿ ನಿಂತಿದ್ದರು. ಕೆಂಪು ಸೀರೆ ಕಾಲ ಬಳಿ ಬಿದ್ದಿತ್ತು, ಬಿಳಿಯದರ ಒಂದು ತುದಿ ಕೈಯಲ್ಲಿತ್ತು. ಅವರು ಕೂರಲಿಲ್ಲ, ಓಡಲಿಲ್ಲ. ಓಡಲು ಜಾಗವೂ ಇರಲಿಲ್ಲ. ನೇರ ದೀಪದ ಕಡೆಗೇ ನೋಡುತ್ತಿದ್ದರು. ನಾನು ಎಲ್ಲವನ್ನೂ ಒಟ್ಟಿಗೆ ಆರಿಸುವ ಮುಖ್ಯ ಗುಂಡಿಯನ್ನು ಕೆಳಕ್ಕೆ ಎಳೆದೆ. ಹಾಲು ಪೂರ್ತಿ ಕತ್ತಲಾಯಿತು.

ಶಿಳ್ಳೆ ಮತ್ತೆ ಬಂತು, ಯಾರೋ ಗದರಿಸಿದರು. ಕತ್ತಲಲ್ಲೇ ಗುಂಡಿಗಳನ್ನು ತಡವಿ ಹನ್ನೊಂದು, ಹನ್ನೆರಡನ್ನು ಇಳಿಸಿ ಮುಂದಿನ ದೀಪಗಳನ್ನು ಮತ್ತೆ ಏರಿಸಿದೆ, ಹದಿನೈದನ್ನು ಕೆಳಗಿನ ಸಾಲಿನಲ್ಲಿ ಹೊಂದಿಸಿದೆ. ಹಿರಿಯರು ಬಿಟ್ಟಲ್ಲಿಂದ ಮುಂದುವರಿಸಿದರು. ಹದಿನೈದನೇ ಕ್ಯೂ ಬಂದಾಗ ಅಕ್ಕೋರು ಬಿಳಿ ಸೀರೆ ಉಟ್ಟು ತಮ್ಮ ಜಾಗದಲ್ಲಿ ನಿಂತಿದ್ದರು. ಅವರ ಮಾತು ಒಂದೂ ತಪ್ಪಲಿಲ್ಲ, ದನಿ ನಡುಗಲಿಲ್ಲ.

ಅಂಕ ಮುಗಿದ ತಕ್ಷಣ ನಿರ್ದೇಶಕರು ಓಡಿ ಬಂದರು. ಅವರ ಹಿಂದೆಯೇ ಆಚಾರ್ರು.

"ಏನ್ರೀ ಅದು? ಏನು ಮಾಡಿದ್ರಿ?"

ನನ್ನ ಬಾಯಿಂದ ಮಾತು ತಾನಾಗಿ ಬಂತು. ಯೋಚಿಸಿ ಹೇಳಿದ ಸುಳ್ಳಲ್ಲ, ಹೀಗಂದರೆ ಯಾರಿಗೆ ಏನಾಗುತ್ತದೆ ಎಂದು ನೋಡಲೂ ಇಲ್ಲ.

"ನಾನೇನೂ ಮಾಡ್ಲಿಲ್ಲ ಸರ್. ಹನ್ನೊಂದು ಹನ್ನೆರಡು ತಾನಾಗೇ ಬಂತು. ಪೆಟ್ಟಿಗೇಲಿ ಏನೋ ಆಗಿದೆ. ನಾನು ಕೂಡಲೇ ಮೇನ್ ಆರಿಸಿದೆ."

"ನನ್ನ ಪೆಟ್ಟಿಗೇಲಾ?" ಎಂದರು ಆಚಾರ್ರು.

ಶಿವಮೊಗ್ಗದವರಿಬ್ಬರೂ ಪಕ್ಕದಲ್ಲೇ ಇದ್ದರು. ಅವರು ಉಳಿದ ಆಟ ನೋಡಲಿಲ್ಲ. ಹೋಗುವ ಮುಂಚೆ ಆಚಾರ್ರಿಗೆ ಹೇಳಿಯೂ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಸಾಗರದಲ್ಲಿ ಆಚಾರ್ರು ಅಂಗಡಿಯ ಬಾಗಿಲು ಅರ್ಧ ಮುಚ್ಚಿ ಪೆಟ್ಟಿಗೆ ಬಿಚ್ಚಿದರು. ನಾನು ಟೆಸ್ಟರ್ ಹಿಡಿದು ಎದುರು ಕೂತೆ. ಹನ್ನೊಂದನೆಯದನ್ನು ಏರಿಸಿದರು, ಇಳಿಸಿದರು. ಬಿಸಿ ಮಾಡಿ ನೋಡಿದರು, ಕೇಬಲ್ ಅಲ್ಲಾಡಿಸಿ ನೋಡಿದರು, ಎರಡು ಗಂಟೆ ಒಂದೇ ಸಮ ದೀಪ ಉರಿಸಿ ನೋಡಿದರು. ದೀಪ ಅವರು ಹೇಳಿದಂತೆ ಕೇಳಿತು. ಮಧ್ಯಾಹ್ನದ ಹೊತ್ತಿಗೆ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

"ಏನೂ ಕಾಣ್ತಿಲ್ಲ ಮಾರಾಯ. ಬೆಸುಗೆ ಎಲ್ಲೋ ಕೂದಲೆಳೆಯಷ್ಟು ಬಿಟ್ಟಿರ್ಬೇಕು. ನನ್ನ ಕಣ್ಣಿಗೆ ಕಾಣ್ತಿಲ್ಲ. ವಯಸ್ಸಾಯ್ತು."

ಅಂಥ ಕೈಯ ಮನುಷ್ಯ ಹಾಗಂದಾಗಲೂ ನಾನು ಟೆಸ್ಟರನ್ನು ಮುಂದಿನ ತಂತಿಗೆ ಇಟ್ಟೆ. ಅವರು ಎರಡು ಒಳ್ಳೆಯ ಥೈರಿಸ್ಟರ್‌ಗಳನ್ನು ಕಿತ್ತು ಬೇರೆ ಎರಡನ್ನು ಕೂರಿಸಿದರು. ಎರಡು ಬೆಸುಗೆಗಳನ್ನು ಹಾಕಿ, ತಾವೇ ತೃಪ್ತಿಯಾಗದೆ ತೆಗೆದು, ಮತ್ತೆ ಹಾಕಿದರು. ಸಂಜೆ ನಿರ್ದೇಶಕರು ಬಂದು, ತೀರ್ಥಹಳ್ಳಿಯ ಆಟ ಒಪ್ಪಿಕೊಂಡಾಗಿದೆ, ಅದೊಂದನ್ನು ಇದರಲ್ಲೇ ಮುಗಿಸೋಣ, ಮುಂದಿನ ವರ್ಷಕ್ಕೆ ಬೆಂಗಳೂರಿನಿಂದ ಕಂಪನಿಯ ಬೋರ್ಡ್ ತರಿಸೋಣ ಎಂದರು. ಆಚಾರ್ರು "ಆಗ್ಲಿ" ಎಂದಷ್ಟೇ ಹೇಳಿದರು.

ಮೂರನೇ ದಿನ ಆಚಾರ್ರೇ ನನ್ನನ್ನು ಹೊರಡಿಸಿದರು. "ಅಕ್ಕೋರ ಮನೆಗೆ ಹೋಗ್ಬೇಕು. ಆ ತಾಯಿ ಎದುರು ಕೈ ಮುಗೀಬೇಕು. ನನ್ನ ಪೆಟ್ಟಿಗೆಯಿಂದ ಆಗಿದ್ದು. ನೀನೂ ಬಾ, ಒಬ್ನೇ ಹೋಗೋಕೆ ಧೈರ್ಯ ಇಲ್ಲ."

ಅಕ್ಕೋರದು ಪೇಟೆಯ ವಠಾರವೊಂದರಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಅತ್ತೆ ಕಂಬಳಿ ಹಾಸಿ ಕೂರಿಸಿದರು. ಆಚಾರ್ರು ಕೂರಲಿಲ್ಲ. ನಿಂತೇ ಎರಡೂ ಕೈ ಜೋಡಿಸಿದರು.

"ಅಮ್ಮ, ನನ್ನ ಮಷೀನಿಂದ ನಿಮ್ಮನೆ ಹೆಣ್ಣುಮಗಳಿಗೆ ಅಪಮಾನ ಆಯ್ತು. ನನಗೂ ಹೆಣ್ಣುಮಕ್ಕಳಿದ್ದಾರೆ. ಹೊಟ್ಟೆಗೆ ಹಾಕ್ಕೊಳ್ಳಿ."

ನಾನು ಅವರ ಹಿಂದೆ ಗೋಡೆಗೆ ಒರಗಿ ನಿಂತಿದ್ದೆ. ಆ ಕೋಣೆಯಲ್ಲಿ ಕೈ ಮುಗಿಯಬೇಕಾದವನು ಒಬ್ಬನೇ ಇದ್ದ, ಅವನ ಕೈ ಜೇಬಿನಲ್ಲಿತ್ತು.

ಅತ್ತೆ ತಮ್ಮ ಮನೆಮಾತಿನಲ್ಲಿ ಹೇಳಿದರು. "ಮೂರು ದಿನ ಎಂಗೆ ಊಟ ಸೇರಿದ್ದಿಲ್ಲೆ. ತವರಿನವರ ಎದುರು ಮುಖ ಎತ್ತಲಾಗದ್ದಾಂಗೆ ಆತು. ಆದ್ರೂ ಎಂತ ಮಾಡದು, ಮಷೀನಿಗೆ ಕಣ್ಣಿಲ್ಲೆ. ಮನುಷ್ಯ ಕೂತು ಮಾಡಿದ್ದಾಗಿದ್ರೆ ಇವಳ ಇನ್ನು ಕಳಸ್ತಿರ್ಲೆ. ತೀರ್ಥಳ್ಳಿಗೆ ಹೋಗಿ ಬರ್ಲಿ."

ಬಾಗಿಲ ಬಳಿ ನಿಂತಿದ್ದ ಅಕ್ಕೋರು ಆಗ ಮೊದಲ ಸಲ ಬಾಯಿ ಬಿಟ್ಟರು.

"ಆಚಾರ್ರೆ, ಡಿಮ್ಮರ್ ಕೆಟ್ರೆ ದೀಪ ಒಂದೇ ಸಲ ಧಗ್ ಅಂತ ಬರ್ತದಾ, ನಿಧಾನ ಏರ್ತದಾ?"

"ಒಂದೇ ಸಲ ಅಕ್ಕೋರೆ. ಪೂರಾ ಬರ್ತದೆ."

"ಹಂಗಾ. ನಂಗೆ ನಿಧಾನ ಬಂದಂಗೆ ಕಂಡ್ತು. ಹೆದರಿಕೇಲಿ ಹಂಗೆ ಕಂಡಿರ್ಬೇಕು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗತಿ ನನ್ನದು.

ಹೊರಡುವಾಗ ಆಚಾರ್ರು ಮುಂದೆ ಹೋದರು. ಅಕ್ಕೋರು ವಠಾರದ ಗೇಟಿನವರೆಗೆ ಬಂದು ನನ್ನನ್ನು ನಿಲ್ಲಿಸಿದರು.

"ಮುಂದಿನ ದೀಪ ಇಳೀತಾ ಇತ್ತು, ಹಿಂದಿನದು ಏರ್ತಾ ಇತ್ತು. ಎರಡೂ ಒಂದೇ ಹದದಲ್ಲಿ. ಅದು ನಿಮ್ಮ ಕೈ. ಮೂರು ತಿಂಗಳಿಂದ ಅದೇ ಬೆಳಕಲ್ಲಿ ನಿಂತೋಳು ನಾನು. ನಂಗೆ ಗೊತ್ತಾಗಲ್ವಾ?"

"ತಪ್ಪಾಯ್ತು ಅಕ್ಕೋರೆ." ನನ್ನ ಕಣ್ಣಲ್ಲಿ ನೀರು ಬಂತು. "ಈಗಲೇ ಒಳಗೆ ಬಂದು ಅಮ್ಮನ ಹತ್ರ ಹೇಳಿಬಿಡ್ತೀನಿ."

"ಬೇಡ. ನಿಮ್ಮ ಮನಸ್ಸು ಹಗುರ ಆಗ್ತದೆ, ನನ್ನ ನಾಟಕ ಹೋಗ್ತದೆ. ಅತ್ತೆ ಹೇಳಿದ್ದು ಕೇಳಿದ್ರಲ್ಲ. ಅವರಿಗೆ ಗೊತ್ತಾಗೋದು ಬೇಡ." ಅವರು ರಸ್ತೆಯಲ್ಲಿ ಸೈಕಲ್ ಹಿಡಿದು ಕಾಯುತ್ತಿದ್ದ ಆಚಾರ್ರ ಕಡೆ ನೋಡಿದರು. "ಆದ್ರೆ ಅವರಿಗೆ ಹೇಳಿ. ಇವತ್ತೇ ಹೇಳಿ. ಅವರು ಕೈ ಮುಗಿಯೋದನ್ನ ನನಗೆ ನೋಡೋಕಾಗ್ಲಿಲ್ಲ. ನಿಮಗೆ ಹೆಂಗೆ ಆಯ್ತು?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನಿಜವಾಗಿಯೂ ತಿಳಿಯಲೆಂದು ಕೇಳಿದ್ದರು.

ಅಂಗಡಿಗೆ ಬಂದ ಮೇಲೆ ಹೇಳಿದೆ. ಹಾಳೆ ಬಿಡಿಸಿ ತೋರಿಸಿದೆ. ಹದಿನೈದು, ಮೇಲಿನ ಸಾಲು. ಆಚಾರ್ರು ಬಹಳ ಹೊತ್ತು ಹಾಳೆ ನೋಡಿದರು.

"ಅಕ್ಕೋರು ಕೇಳಿದಾಗ್ಲೇ ಹೊಳೀತು. ನೀನಾಗಿ ಹೇಳ್ತೀಯಾ ಅಂತ ದಾರಿ ಉದ್ದಕ್ಕೂ ನೋಡ್ದೆ." ಆಮೇಲೆ ದನಿ ಏರಿತು. "ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ! ಮೂರು ದಿನ ಮಾರಾಯ, ಮೂರು ದಿನ ನನ್ನ ಕೈ ಮೇಲೆ ನನಗೇ ನಂಬಿಕೆ ಹೋಗಿತ್ತು. ಟೆಸ್ಟರ್ ಹಿಡ್ಕೊಂಡು ಎದುರೇ ಕೂತಿದ್ಯಲ್ಲ, ಬಾಯಿಗೆ ಏನಾಗಿತ್ತು? ನಾಳೆ ಎಲ್ಲರ ಎದುರು ಹೇಳ್ಬೇಕು ನೀನು."

ಅಕ್ಕೋರು ಗೇಟಿನಲ್ಲಿ ಹೇಳಿದ್ದನ್ನು ತಿಳಿಸಿದೆ. ಅವರು ಎದ್ದು ಅಂಗಡಿಯ ಬಾಗಿಲವರೆಗೆ ಹೋಗಿ ಬಂದರು.

"ತಂಡದಲ್ಲಿ ಹೇಳಿದ್ರೆ ಎರಡು ದಿನದಲ್ಲಿ ಆ ಮನೆಗೆ ಮುಟ್ತದೆ. ಹಂಗಾದ್ರೆ ಬೇಡ. ಆ ಹುಡುಗಿ ನಾಟಕ ಮಾಡ್ಲಿ." ಹಾಳೆ ಮಡಚಿ ನನ್ನ ಕೈಗಿಟ್ಟರು. "ಶಿವಮೊಗ್ಗದವರಿಗೆ ಮಾತ್ರ ಒಂದು ಕಾಗದ ಬರೀ. ಅವರಿಗೂ ಆ ಮನೆಗೂ ಸಂಬಂಧ ಇಲ್ಲ. ಪೆಟ್ಟಿಗೆ ಕೆಟ್ಟಿರ್ಲಿಲ್ಲ, ನಡೆಸಿದವನು ತಪ್ಪಿದ ಅಂತ ಬರೀ. ಅಷ್ಟು ಸಾಕು ನನಗೆ."

ಅಂದು ಸಂಜೆ ಅಂಚೆ ಕಚೇರಿಯ ಕಟ್ಟೆಯ ಮೇಲೆ ಕೂತು ಇನ್‌ಲ್ಯಾಂಡ್ ಲೆಟರ್ ಬಿಚ್ಚಿದೆ. ಮಾನ್ಯರೆ ಎಂದು ಬರೆದೆ. ಕಣ್ಣು ಮುಚ್ಚಿಕೊಂಡು ಗುಂಡಿ ಹೊಂದಿಸಬಲ್ಲೆ ಎಂದು ನಾನು ಯಾರೆದುರು ಕೊಚ್ಚಿಕೊಂಡಿದ್ದೆನೋ ಅವರಿಗೇ ಈ ಕಾಗದ. ಮುಂದೆ ಯಾವ ತಂಡ ನನ್ನನ್ನು ಕರೆದೀತು ಎಂಬ ಯೋಚನೆ ಬಂತು. ತೀರ್ಥಹಳ್ಳಿಯ ಆಟಕ್ಕೆ ನಮ್ಮೂರಿನ ಹತ್ತಾರು ಜನ, ನನ್ನ ಅಪ್ಪ ಕೂಡ, ಬರುವವರಿದ್ದರು. ಅಕ್ಕೋರ ಗುಟ್ಟು ಕಾಯಬೇಕಲ್ಲ ಎಂದೂ ಅಂದುಕೊಂಡೆ. ಅದು ಎಷ್ಟು ಅನುಕೂಲವಾದ ಗುಟ್ಟು! ಕೊನೆಗೆ ಬರೆದದ್ದು ಇಷ್ಟು: "ಅಂದು ಕಂಡುಬಂದ ದೋಷವನ್ನು ಸರಿಪಡಿಸಲಾಗಿದೆ. ಯಂತ್ರವು ಈಗ ಸುಸ್ಥಿತಿಯಲ್ಲಿದೆ." ಅಂಟಿಸಿ ಡಬ್ಬಿಗೆ ಹಾಕಿದೆ. ಆಚಾರ್ರು ಏನು ಬರೆದೆ ಎಂದು ಕೇಳಲಿಲ್ಲ. ಹಾಕಿದೆಯಾ ಎಂದಷ್ಟೇ ಕೇಳಿದರು. ಹಾಕಿದೆ ಎಂದೆ.

ಉಳಿದ ದಿನಗಳಲ್ಲಿ ಕೆಲಸ ಮಾತ್ರ ಚೊಕ್ಕಟವಾಗಿ ಮಾಡಿದೆ. ಮೇಣ ಕೆರೆದು ತೆಗೆದು ಆಚಾರ್ರು ಎರಡು ಕೆಂಪು ಬಲ್ಬ್ ಕೂರಿಸಿದರು. ನಾನು ಹಾಳೆ ಹರಿದು ಹೊಸದು ಬರೆದೆ. ಮೇಲೆ, ಕೆಳಗೆ ಎಂಬ ಕಾಲಂಗಳನ್ನೇ ಬಿಟ್ಟೆ. ಒಂದೊಂದು ಕ್ಯೂಗೆ ಒಂದೊಂದು ಪುಟ, ಯಾವ ದೀಪ ಎಷ್ಟು ಅಂಕಿ ಎಂದಷ್ಟೇ. ಯಾವ ಸಾಲಿನಲ್ಲಿ ಕೆಂಪು ಇಲ್ಲವೋ ಅಲ್ಲಿ ಹೊಂದಿಸುವುದು. ಹೊಂದಿಸುವಾಗ ಪ್ರತಿ ಗುಂಡಿಗೂ ಒಮ್ಮೆ ತಲೆ ಎತ್ತಿ ರಂಗ ನೋಡುವುದು. ದೃಶ್ಯ ಬಿಟ್ಟರೆ ಪುಟ ತೆಗೆದರಾಯಿತು, ಉಳಿದದ್ದು ಬದಲಾಗುವುದಿಲ್ಲ. ಇಷ್ಟು ಸುಲಭದ ಉಪಾಯ ಮೊದಲೇ ಇತ್ತು.

ತೀರ್ಥಹಳ್ಳಿಯಲ್ಲಿ ವೋಲ್ಟೇಜ್ ಕಡಿಮೆ. ಎಂಟರ ಅಂಕಿಗೆ ಇಡಬೇಕಾದ ಗುಂಡಿಯನ್ನು ಒಂಬತ್ತೂವರೆಗೆ ಇಟ್ಟು ಮಧ್ಯಾಹ್ನವೆಲ್ಲ ಲೆಕ್ಕ ಸರಿಮಾಡಿದೆವು. ಆಟ ಶುರುವಾಗುವ ಮುಂಚೆ ಆಚಾರ್ರು ಎರಡು ಸಲ ನನ್ನ ಬೆಂಚಿನವರೆಗೆ ಬಂದು ಸಭೆಯನ್ನು ಕಣ್ಣಾಡಿಸಿ ನೋಡಿದರು.

"ಶಿವಮೊಗ್ಗದವರು ಬಂದಂಗಿಲ್ಲ ಅಲ್ವಾ?"

"ಕಾಗದ ಇನ್ನೂ ಮುಟ್ಟಿರ್ಲಿಕ್ಕಿಲ್ಲ" ಎಂದೆ.

"ಹೌದೌದು. ಮುಟ್ಟಿರಲ್ಲ."

ಹಾಡಿನ ದೃಶ್ಯ ಈ ಸಲ ಮರಳಿತ್ತು. ಹದಿನಾಲ್ಕನೇ ಪುಟ ತಿರುವಿದೆ. ಮುಂದಿನ ದೀಪ, ಗೋಡೆ, ಹಿರಿಯರ ವಾದ. ಕೆಂಪು ಕೆಳಗಿನ ಸಾಲಿನಲ್ಲಿ ಉರಿಯುತ್ತಿತ್ತು. ಹದಿನೈದನ್ನು ಮೇಲಿನ ಸಾಲಿನಲ್ಲಿ ಹೊಂದಿಸಿ ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕಾದೆ. ಆ ಒಂದೂವರೆ ನಿಮಿಷ ಬಟ್ಟೆಯ ಹಿಂದೆ ಅಕ್ಕೋರು ಹೇಗೆ ನಿಂತಿರಬಹುದು ಎಂದು ಯೋಚಿಸಿದೆ. ನನ್ನನ್ನು ನಂಬಿ ನಿಂತಿರಲಾರರು. ನಾಟಕ ಬೇಕಾಗಿತ್ತು, ಅದಕ್ಕೆ ನಿಂತಿದ್ದರು. ಸಮಯ ಬಂತು, ಹಿಡಿ ಎಳೆದೆ, ಬಿಳಿ ಸೀರೆ ಕಂಡಿತು.

ಆಟ ಮುಗಿದು ಜನ ಕರಗುತ್ತಿದ್ದಾಗ ಅಪ್ಪ ಬಂದು ಭುಜ ತಟ್ಟಿ ಹೋದರು. ಆಚಾರ್ರು ನನ್ನ ಬೆಂಚಿನ ಪಕ್ಕ ನೆಲದ ಮೇಲೆ ಕೂತು ಕೇಬಲ್ ಸುತ್ತುತ್ತಿದ್ದರು. ಅತ್ತೆ ಹಿಂದಿನ ಬೆಂಚಿನವರೆಗೆ ನಿಧಾನ ನಡೆದು ಬಂದರು. ಹಿಂದೆ ಅಕ್ಕೋರು, ಮುಖದ ಬಣ್ಣ ಅರ್ಧ ಒರೆಸಿಕೊಂಡಿದ್ದರು.

"ನಿಂಗಳ ಮಷೀನು ಸರಿ ಆತಾ ಆಚಾರ್ರೆ?"

ಆಚಾರ್ರು ಎದ್ದು ನಿಂತರು. "ಸರಿ ಆಯ್ತಮ್ಮ. ಬೆಸುಗೆ ಒಂದು ಬಿಟ್ಟಿತ್ತು. ತಪ್ಪು ನನ್ನದೇ."

ಅತ್ತೆ ನನ್ನ ಕಡೆ ತಿರುಗಿದರು. ಸೆರಗಿನಡಿಯಿಂದ ಕಾಗದದ ಪೊಟ್ಟಣವೊಂದನ್ನು ತೆಗೆದರು. ತೊಡೆದೇವು, ಕಬ್ಬಿನ ಹಾಲಿನ ತೆಳ್ಳನೆ ಸಿಹಿ, ಮನೆಯಲ್ಲಿ ಮಾಡಿದ್ದು.

"ತಮಾ, ಅವತ್ತು ನೀ ಬೇಗ ಆರಿಸಿದ್ದಕ್ಕೆ ಎಂಗಳ ಮನೆ ಮಾನ ಉಳತ್ತು. ಇದು ನಿಂಗೆ ಹೇಳಿ ತಂದಿದ್ದು."

ಆಚಾರ್ರು ನನ್ನ ಮುಖ ನೋಡಿದರು. ಅಕ್ಕೋರು ನೋಡಲಿಲ್ಲ. ನಾನು ಎರಡೂ ಕೈ ಒಡ್ಡಿ ಪೊಟ್ಟಣ ತೆಗೆದುಕೊಂಡೆ.